ನಾವು ಮದುವೆಯಾದ ವಾಡೆಯಲ್ಲೇ ಮದುವೆಯ ಪುರಾವೆ ಕೇಳಿದರು

ಗೆಳೆಯರೇ, ಖಾನಾಪುರದಲ್ಲಿ ರೂಮು ಸಿಗದೆ ಈಗಷ್ಟೇ ಬೆಳಗಾವಿಗೆ ವಾಪಸ್ ಬಂದೆ. ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ.

ಅಲ್ಲೊಂದು ಹಳೇ ವಾಡೆಯನ್ನು, ಅಂದರೆ ಅಂಗಳವಿರುವ ದೊಡ್ಡ ಮನೆಯನ್ನು, ರಿಪೇರಿ ಮಾಡಿಸಿ, ‘ಪ್ರೀತಿಸುವ ಜೋಡಿಗಳಿಗಾಗಿ’ ಎಂದು ಬೋರ್ಡು ಹಾಕಿ ಹೋಟೆಲು ತೆರೆದಿದ್ದಾರೆ. ನಮ್ಮ ಮದುವೆ ನಡೆದದ್ದು ಅದೇ ವಾಡೆಯ ಅಂಗಳದಲ್ಲಿ. ಅಲ್ಲೊಂದು ರಾತ್ರಿ ಇರಬೇಕೆಂಬುದು ಹೆಂಡತಿ ಸರೋಜಾಳ ಆಸೆ.

ಮ್ಯಾನೇಜರ್ ನಮ್ಮ ಆಧಾರ್ ಕಾರ್ಡು ನೋಡಿ ಹಿಂದಕ್ಕೆ ಸರಿಸಿದ.

“ಇಬ್ರದೂ ಇಲ್ಲೇ ಬಾಜೂಕಿನ ಬೆಳಗಾವಿ ಅಡ್ರೆಸ್ ಐತ್ರಿ ಅಂಕಲ್. ಲೋಕಲ್ ಜೋಡಿಗೆ ರೂಮ್ ಕೊಡಬ್ಯಾಡ ಅಂದಾರ ಮಾಲಕರು. ಮದುವಿ ಸರ್ಟಿಫಿಕೇಟ್ ಇದ್ರ ತೋರಸ್ರಿ.”

“ಈ ವಯಸ್ಸಿನ್ಯಾಗ ಮನಿ ಬಿಟ್ಟು ಓಡಿ ಬಂದವರ ಹಂಗ ಕಾಣ್ತೇವೇನಪಾ?” ಎಂದೆ.

“ರೂಲ್ ಅಂದ್ರ ರೂಲ್ ರೀ.”

ಸರೋಜಾ ಮೊಬೈಲಿನಲ್ಲಿದ್ದ ಮದುವೆಯ ಫೋಟೊ ತೋರಿಸಿದಳು. ಬಾಸಿಂಗ ಕಟ್ಟಿಕೊಂಡ ನಾವಿಬ್ಬರು, ನಮ್ಮ ಹಿಂದೆ ಈಗ ಅವನ ಕೌಂಟರಿನ ಬಾಜು ಇರುವ ಕೆತ್ತನೆಯ ಕಂಬ. ಅವನು ಫೋಟೊ ನೋಡಿದ, ಕಂಬ ನೋಡಿದ, ಮಾಲಕರಿಗೆ ಫೋನ್ ಹಚ್ಚಿದ. ರೂಮು ಸಿಕ್ಕಿತು ಅಂದುಕೊಂಡೆ.

“ಫೋಟೊ ಪ್ರೂಫ್ ಆಗೂದಿಲ್ಲಂತ್ರಿ. ಆದ್ರ ಭಾಳ ಚಲೋ ಐತಂತ. ವಾಟ್ಸಾಪ್ ಮಾಡ್ರಿ, ಫ್ರೇಮ್ ಹಾಕಿ ಇಲ್ಲೇ ಗ್ವಾಡಿಗೆ ಹಚ್ತೀವಿ.”

ಸರೋಜಾ ಮೊಬೈಲನ್ನು ಚೀಲಕ್ಕೆ ಹಾಕಿದಳು. “ಫೋಟೊದಾಗಿನವ್ರದು ಮದುವಿ ಆಗೇತಿ, ನಮ್ಮದು ಆಗಿಲ್ಲ, ಹೌದಲ್ಲೋ ತಮ್ಮಾ?” ಎಂದು ಅವನನ್ನು ಕೇಳಿ ನನ್ನತ್ತ ತಿರುಗಿದಳು. “ನಡೀರಿ, ಮನಿಗೆ ಹೋಗೂಣು.”

ಒಂದು ಲೇತ್ ಮಷೀನಿನಿಂದ ಶುರುಮಾಡಿ ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದಲ್ಲಿ ತಲೆ ನೆರೆಸಿಕೊಂಡವನು ನಾನು. ಗಿರಾಕಿಯನ್ನು ಹೊರಗೆ ಹಾಕಿ, ಅವನ ಮದುವೆಯನ್ನು ಮಾತ್ರ ಪುಕ್ಕಟೆ ಒಳಗಿಟ್ಟುಕೊಳ್ಳಲು ನೋಡುವ ವ್ಯಾಪಾರವನ್ನು ಇವತ್ತೇ ಕಂಡದ್ದು.