ಕನ್ನಡಿಯಲ್ಲಿ ಕಂಡ ಜೀಪು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನನ್ನ ಕೆಲಸವೇ ಹಾಗಿದೆ. ಅಪಘಾತವಾದ ಗಾಡಿಗಳನ್ನು ನೋಡಿ ವಿಮಾ ಕಂಪನಿಗಳಿಗೆ ವರದಿ ಕೊಡುವ ಸರ್ವೇಯರ್ ನಾನು. ಹಿಮಾಯತ್‌ನಗರದಲ್ಲಿ ಸಣ್ಣದೊಂದು ಆಫೀಸು. ಇಷ್ಟು ವರ್ಷಗಳಲ್ಲಿ ನನ್ನೆದುರು ಕುಳಿತ ಡ್ರೈವರುಗಳು ಹೇಳದ ಸುಳ್ಳಿಲ್ಲ. ರಸ್ತೆ ನಡುವೆ ಬಿಳಿ ಸೀರೆಯ ಹೆಂಗಸು ನಿಂತಿದ್ದಳು, ಯಾರೋ ಸ್ಟೇರಿಂಗ್ ಹಿಡಿದು ತಿರುಗಿಸಿದರು, ಎದುರಿಗೆ ಬಂದ ಲಾರಿ ಹಾಗೇ ಮಾಯವಾಯಿತು. "ಮಾಯವಾದ ಲಾರಿ ನಿನ್ನ ಬಂಪರಿಗೆ ಬಣ್ಣ ಹಚ್ಚಿ ಹೋಗಿದೆಯಲ್ಲಪ್ಪ" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅಂಥವನೇ ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ನಮ್ಮದು ಬೀದರ್ ಕಡೆಯ ಕ್ರೈಸ್ತ ಮನೆತನ. ಅಜ್ಜನ ಕಾಲದಲ್ಲಿ ಹೈದರಾಬಾದಿಗೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತೆಲುಗು, ಆಟೋದವನ ಜೊತೆ ಹಿಂದಿ. ನಮ್ಮ ಚರ್ಚಿನ ಕನ್ನಡ ಸಭೆಯ ಕೆಲವರು ಮತ್ತು ತೆಲುಗು ಸಭೆಯ ಕೆಲವರು ಸೇರಿ ಒಂದು ಜೀಪ್ ಕ್ಲಬ್ ಮಾಡಿಕೊಂಡಿದ್ದೆವು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿ ಇದ್ದವರಿಗೆ ಮಾತ್ರ ಅಲ್ಲಿ ಜಾಗ. ತಿಂಗಳಿಗೊಮ್ಮೆ ಊರು ಬಿಟ್ಟು ಕಾಡು, ಕಲ್ಲು, ಕೆಸರು ಹುಡುಕಿಕೊಂಡು ಹೋಗುವುದು, ಜೀಪಿನ ಬಾನೆಟ್ ಮೇಲೆ ಬಿಳಿ ಬಟ್ಟೆ ಹಾಸಿ ಪ್ರಾರ್ಥನೆ ಮಾಡುವುದು, ಬಿರಿಯಾನಿ ತಿಂದು ಹಾಡು ಹೇಳಿ ಬರುವುದು. ರಸ್ತೆಯಿಲ್ಲದ ಲಂಬಾಣಿ ತಾಂಡಾಗಳಿಗೆ ಅಕ್ಕಿ, ಹೊದಿಕೆ ಸಾಗಿಸುವುದೂ ಇತ್ತು. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನವರು ನಾನು ಜೀಪು ಹೊರಗೆ ತೆಗೆದರೆ "ದೇವರ ತೇರು ಹೊರಟಿತು" ಎಂದು ಚೇಷ್ಟೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ದೇವರಿಗಿಂತ ಕೆಸರಿನ ಮೇಲೆಯೇ ಪ್ರೀತಿ ಹೆಚ್ಚಿತ್ತು.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಸಾಲಾಗಿ ಹೋಗುವಾಗ ಯಾರೂ ತಮ್ಮ ಬಗ್ಗೆ ತಾವು ಹೇಳುವಂತಿಲ್ಲ. ಪ್ರತಿಯೊಬ್ಬ ಡ್ರೈವರೂ ತನ್ನ ಹಿಂದಿನ ಗಾಡಿಯನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು. ತಿರುವು ಬಂದರೆ ಅದು ಕಾಣುವವರೆಗೆ ನಿಲ್ಲಬೇಕು. ಅದು ಸಿಕ್ಕಿಬಿದ್ದರೆ ತಾನೇ ಹಗ್ಗ ಹಿಡಿದು ಇಳಿದು ಹೋಗಬೇಕು. ಮುಂದಾಳು ವಾಕಿಟಾಕಿಯಲ್ಲಿ ಕೇಳಿದಾಗ ಹಿಂದಿನವರು ಇದ್ದಾರೆ ಎಂದು ಸಾಕ್ಷಿ ಹೇಳಬೇಕು. ಒಬ್ಬರಿಗೊಬ್ಬರು ಕಾವಲು ಎಂಬ ಭಾವನೆಯಿಂದ ಹಿರಿಯರು ಮಾಡಿದ ಪದ್ಧತಿ. ಕೊನೆಯ ಗಾಡಿಗೆ ಹಿಂದೆ ಯಾರೂ ಇಲ್ಲದ್ದರಿಂದ ಅದು ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಇದರಲ್ಲೊಂದು ತೂತಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಆ ದಿನ ವಿಕಾರಾಬಾದ್ ದಾಟಿ ಗುಡ್ಡದ ಮೇಲಿನ ಒಂದು ತಾಂಡಾಕ್ಕೆ ಹೊರಟಿದ್ದೆವು. ಮಳೆಗಾಲ ಮುಗಿಯುತ್ತಾ ಬಂದಿತ್ತು. ತಾಂಡಾದ ಪ್ರಾರ್ಥನೆಯ ಕೋಣೆ ಸೋರುತ್ತಿದೆ ಎಂದು ಮಾಡಿಗೆ ತಗಡು ಒಯ್ಯುವುದಿತ್ತು. ಬೆಳಿಗ್ಗೆ ಬೇಗಂಪೇಟೆಯಲ್ಲಿ ಎಲ್ಲರೂ ಸೇರಿದಾಗ ತಗಡು ನನ್ನ ಜೀಪಿಗೇ ಬಂದವು. ಸೀಟು ಮಡಚಿ ತುಂಬಿದರೂ ಹಿಂದೆ ಹೊರಗೆ ಚಾಚಿದ್ದವು. ನಾನು ಮತ್ತು ನನ್ನ ಹೆಂಡತಿ ಸುನೀತಾ ಮುಂದೆ ಕುಳಿತರೆ ಇನ್ನಾರಿಗೂ ಜಾಗವಿರಲಿಲ್ಲ. ಹಾಗಾಗಿ ನನ್ನ ತಾಯಿ ಮತ್ತು ಆಗಿನ್ನೂ ಮೂರನೇ ತರಗತಿಯಲ್ಲಿದ್ದ ಮಗಳು ಆಶಾ ನನ್ನ ಹಿಂದೆಯೇ ಬರುವ ಕೊನೆಯ ಜೀಪು ಹತ್ತಿದರು. ಅದು ಜಯಶೀಲ ಮಾವನದು. ರಕ್ತಸಂಬಂಧದ ಮಾವನಲ್ಲ; ನಮ್ಮ ಸಭೆಯ ಹಿರಿಯ, ರೈಲ್ವೆಯಿಂದ ನಿವೃತ್ತನಾದವನು, ಅವ್ವನಿಗೆ ತಮ್ಮನಿದ್ದಂತೆ. ಕೊನೆಯ ಗಾಡಿಯ ಗುರುತಿಗೆ ಅವನ ಜೀಪಿನ ತಲೆಯ ಮೇಲೆ ಹಳದಿ ದೀಪವಿತ್ತು. ಆಶಾಗೆ ಆ ದೀಪದ ಗಾಡಿಯಲ್ಲೇ ಕೂರಬೇಕು.

"ಭಾಳ ಜೋರು ಓಡಿಸಬ್ಯಾಡ್ರಿ ಮಾವ, ಅವ್ವನ ಮೊಣಕಾಲು ನೆಟ್ಟಗಿಲ್ಲ" ಎಂದೆ.

"ನಿನ್ನ ಕನ್ನಡಿ ನೀ ನೋಡ್ಕೋ. ನಾವು ಅದರಾಗs ಇರ್ತೀವಿ" ಎಂದು ಮಾವ ನಕ್ಕ.

ಡಾಂಬರು ಬಿಟ್ಟು ಕಾಡಿನ ದಾರಿ ಹಿಡಿದಾಗ ಮೋಡ ಕವಿದಿತ್ತು. ಗುಡ್ಡದ ಮೇಲೆ ಆಗಲೇ ಮಳೆ ಸುರಿಯುತ್ತಿರುವುದು ದೂರದಿಂದ ಕಾಣುತ್ತಿತ್ತು. ನಡುವೆ ಒಂದು ಹಳ್ಳ. ಮೊಣಕಾಲಿಗೂ ಸಾಲದಷ್ಟು ನೀರು. ನಾನು ದಾಟಿ ಆಚೆ ದಂಡೆಯ ಮೇಲೆ, ಪದ್ಧತಿಯಂತೆ, ಕನ್ನಡಿಯಲ್ಲಿ ನೋಡುತ್ತಾ ನಿಂತೆ. ಮಾವನ ಜೀಪು ನೀರಿಗಿಳಿಯಿತು. ಬುರುಬುರು ಹನಿ ಬಿದ್ದು ಗಾಜು ಮಂಜಾಯಿತು. ಒರೆಸಿ ನೋಡುವಷ್ಟರಲ್ಲಿ ಹಳದಿ ದೀಪ ದಂಡೆ ಹತ್ತಿ ನನ್ನ ಹಿಂದೆ ಬಂದಿತ್ತು. ನಾನು ಮುಂದೆ ಹೊರಟೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ನನ್ನ ಆಫೀಸಿನಲ್ಲಿ ಡ್ರೈವರುಗಳಿಗೆ ಹಾಕುವ ಪಾಟೀಸವಾಲನ್ನೆಲ್ಲ ನನಗೆ ನಾನೇ ಹಾಕಿಕೊಂಡಿದ್ದೇನೆ. ಉತ್ತರ ಬದಲಾಗಿಲ್ಲ. ಆ ಜೀಪು ನನ್ನ ಹಿಂದೆ ಇತ್ತು. ತಿರುವಿನಲ್ಲಿ ಮರೆಯಾಗುತ್ತಿತ್ತು, ನಾನು ನಿಂತರೆ ಮತ್ತೆ ಕಾಣುತ್ತಿತ್ತು. ಒಂದು ಕಡೆ ದಾರಿಗೆ ಅಡ್ಡಬಿದ್ದ ಕೊಂಬೆ ಎಳೆಯಲು ನಾನು ಇಳಿದೆ. ಅದೂ ಅಷ್ಟು ದೂರದಲ್ಲಿ ನಿಂತಿತು. ಮುಂದಿದ್ದ ದೇವಸಹಾಯಂ ಗಾರು, ಅವರೇ ನಮ್ಮ ಮುಂದಾಳು, ವಾಕಿಟಾಕಿಯಲ್ಲಿ "ವೆನಕವಾಳ್ಳು ಉನ್ನಾರಾ?" ಎಂದು ಕೇಳಿದಾಗಲೆಲ್ಲ ನಾನು "ಉನ್ನಾರು, ಉನ್ನಾರು" ಎಂದೆ. ಹಿಂದಿನವರು ಇದ್ದಾರೆ ಎಂದು.

ಒಂದೇ ಒಂದು ವಿಷಯ ಮನಸ್ಸಿಗೆ ಕಿರಿಕಿರಿ ಮಾಡಿತು. ಜೀಪು ಹತ್ತಿರ ಬರುತ್ತಲೇ ಇರಲಿಲ್ಲ. ನಾನು ನಿಧಾನ ಮಾಡಿದರೆ ಅದೂ ನಿಧಾನ. ಮಾವ ಅಷ್ಟು ಶಿಸ್ತಿನವನಲ್ಲ. ಹಿಂದಿನಿಂದ ಹಾರ್ನ್ ಹೊಡೆದು ಕಾಡುವ ಜಾತಿ. ಅವ್ವನ ಫೋನಿಗೆ ಹಚ್ಚಿದೆ. ಸಿಗ್ನಲ್ ಇಲ್ಲ.

"ಯಾಕೋ ಸರಿ ಅನಸವಲ್ದು. ನಿಂದ್ರಿಸಿ ನೋಡಲೇನು?" ಎಂದು ಸುನೀತಾಳನ್ನು ಕೇಳಿದೆ.

ಅವಳು ತನ್ನ ಬದಿಯ ಕನ್ನಡಿಗೆ ಬಗ್ಗಿ ನೋಡಿದಳು. ಮುಖ ಅರಳಿತು. "ಏನಾಗೇತಿ ಅವರಿಗೆ? ಅಲ್ನೋಡ್ರಿ, ಆಶಾ ಕೈ ಬೀಸಾಕತ್ತಾಳ" ಎಂದಳು. ಕಿಟಕಿ ಇಳಿಸಿ, ಮಳೆಯಲ್ಲಿ ತೋಳು ಹೊರಗೆ ಹಾಕಿ, ತಾನೂ ಬೀಸಿದಳು. ನಾನೂ ಕಂಡೆ. ಮುಂದಿನ ಗಾಜಿನ ಹಿಂದೆ ಸಣ್ಣ ಕೈಯೊಂದು ಅತ್ತಿತ್ತ ಆಡುತ್ತಿತ್ತು. ನನಗೆ ಹಗುರೆನಿಸಿತು. ಜೋರು ಮಳೆ ಹಿಡಿಯುವ ಮೊದಲು ತಾಂಡಾ ಮುಟ್ಟಬೇಕೆಂದು ಗಾಡಿ ಬಿಟ್ಟೆ.

ತಾಂಡಾದಲ್ಲಿ ಎಲ್ಲರೂ ಇಳಿದರು. ನಾನೂ ಇಳಿದು ಹಿಂತಿರುಗಿದೆ. ದಾರಿ ಖಾಲಿ ಇತ್ತು.

ಈಗ ಬರುತ್ತಾರೆ, ಕೊನೆಯ ತಿರುವಿನಲ್ಲಿ ನಿಂತಿರಬೇಕು ಎಂದುಕೊಂಡು ಕಾದೆ. ತಗಡು ಇಳಿಸಿದೆವು. ಬರಲಿಲ್ಲ. ವಾಕಿಟಾಕಿಯಲ್ಲಿ ಕೂಗಿದೆ; ಉತ್ತರವಿಲ್ಲ. "ಇಪ್ಪುಡೇ ಉನ್ನಾರನ್ನಾವ್ ಕದಯ್ಯಾ" ಎಂದರು ದೇವಸಹಾಯಂ ಗಾರು, ಈಗಷ್ಟೇ ಇದ್ದಾರೆ ಎಂದೆಯಲ್ಲ ಎಂದು. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ, ಗಾಬರಿಯಿತ್ತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಕುಳಿತ ಸುನೀತಾ ಅಳುವುದನ್ನು ಕೇಳುತ್ತಾ, ಬಂದ ದಾರಿಯಲ್ಲೇ ಜೀಪು ತಿರುಗಿಸಿದೆ.

ಗಾಲಿಯ ಗುರುತು ಓದುವುದು ನನ್ನ ಹೊಟ್ಟೆಪಾಡು. ನನ್ನ ಟೈರು ಹೊಸದು, ಅಗಲ, ಅಚ್ಚು ದಪ್ಪ. ಮಾವನದು ಹಳೆಯ ಸಣ್ಣ ಟೈರು. ಹಸಿ ಮಣ್ಣಿನಲ್ಲಿ ಎಲ್ಲರ ಗುರುತಿನ ಮೇಲೆ ನನ್ನ ಅಚ್ಚು ಸ್ಪಷ್ಟವಾಗಿ ಕೂತಿತ್ತು. ಅದರ ಮೇಲೆ ಬೇರೆ ಯಾವ ಗುರುತೂ ಇರಲಿಲ್ಲ. ಕೊಂಬೆ ಎಳೆದು ಹಾಕಿದ ಜಾಗದಲ್ಲಿ ಇಳಿದೇ ನೋಡಿದೆ. ಹಿಂದೆ ನಿಂತಿದ್ದ ಜೀಪು ನೆಲ ಮುಟ್ಟಿರಲಿಲ್ಲ. ಮತ್ತೆ ಹತ್ತಿ ಹಳ್ಳದ ಕಡೆ ಗಾಡಿ ಬಿಟ್ಟೆ.

ಮಾವನ ಜೀಪು ಹಳ್ಳದ ನಡುವೆಯೇ ಇತ್ತು. ಹಿಂದಿನ ಗಾಲಿ ಗುಂಡಿಗೆ ಇಳಿದು, ಎಂಜಿನ್ನಿಗೆ ನೀರು ನುಗ್ಗಿ, ದೀಪ, ಹಾರ್ನು, ವಾಕಿಟಾಕಿ ಎಲ್ಲ ಸತ್ತಿದ್ದವು. ಗುಡ್ಡದ ನೀರು ಕೆಂಪಗೆ ತುಂಬಿಕೊಂಡು ಸೀಟಿನ ಮಟ್ಟಕ್ಕೆ ಬಂದಿತ್ತು. ಮಾವ ಆಶಾಳನ್ನು ಜೀಪಿನ ತಲೆಯ ಮೇಲೆ ಕೂರಿಸಿ, ತಾನು ಬಾಗಿಲ ಬಳಿ ನೀರಿನಲ್ಲಿ ನಿಂತು ಅವಳ ಕಾಲು ಹಿಡಿದುಕೊಂಡಿದ್ದ. ಒಳಗೆ ಅವ್ವ ಎರಡೂ ಕೈಯಿಂದ ಕಂಬಿ ಹಿಡಿದು ಕುಳಿತಿದ್ದಳು. ನಾನು ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದೆ, ದೇವಸಹಾಯಂ ಗಾರು ದಂಡೆಯ ಮೇಲೆ ಹಿಡಿದುಕೊಂಡರು. ಮೊದಲು ಮಗಳು, ಆಮೇಲೆ ಅವ್ವ. ಮಾವ ತಾನೇ ಹಗ್ಗ ಹಿಡಿದು ಬಂದ. ಇನ್ನು ಸ್ವಲ್ಪ ತಡವಾಗಿದ್ದರೆ ಎಂಬ ಮಾತನ್ನು ನಾನು ಇವತ್ತಿಗೂ ಪೂರ್ತಿ ಮಾಡುವುದಿಲ್ಲ.

ಉಸಿರು ಬಂದ ಮೇಲೆ ಮಾವನ ಮೇಲೆ ರೇಗಿದೆ. "ಹೊರಗ ಬಂದು ದಂಡಿ ಹತ್ತಬೇಕಿತ್ತಲ್ರೀ ಮಾವ? ನೀರು ಕಡಿಮಿ ಇದ್ದಾಗs ದಾಟಬೇಕಿತ್ತು!"

ಮಾವ ನನ್ನನ್ನು ವಿಚಿತ್ರವಾಗಿ ನೋಡಿದ. "ಹಗ್ಗ ತರಾಕ ನೀ ಇಳೀತಿ ಅಂತ ಕುಂತಿದ್ವಿ. ದಂಡಿ ಮ್ಯಾಲೆ ನಿಂತಿದ್ದಿ ಅಲ್ಲೊ, ಇಷ್ಟೊತ್ತನಕ."

"ಯಾರು?"

"ನೀನs. ನಿನ್ನ ಜೀಪು. ತಗಡು ಹೊರಗ ಚಾಚಿತ್ತು, ಹಿಂದಿನ ಕೆಂಪು ದೀಪ ಹತ್ತಿತ್ತು. ಕೂಗಿ ಕೂಗಿ ಗಂಟಲು ಬಿತ್ತು ನಂದು. ಈಗ ನೀ ಎದುರಿನಿಂದ ಬಂದಾಗ ನೋಡಿದರ ಅದು ಇರಲಿಲ್ಲ."

ಹೊದಿಕೆಯೊಳಗೆ ನಡುಗುತ್ತಿದ್ದ ಆಶಾ ಅಮ್ಮನ ಕಡೆ ತಿರುಗಿದಳು. "ನಾ ಬಾ ಬಾ ಅಂತ ಕೈ ಬೀಸಿದೆ ಮಮ್ಮಿ. ನೀ ಕಿಟಕಿಯಾಗಿಂದ ಟಾಟಾ ಮಾಡಿದಿ" ಎಂದಳು. ಸುನೀತಾ ಮಗುವನ್ನು ಅವುಚಿಕೊಂಡಳು. ಅಂದಿನಿಂದ ಇಂದಿನವರೆಗೆ ಅವಳು ಈ ವಿಷಯ ಎತ್ತಿಲ್ಲ. ನಾನು ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

ನಾನು ನನಗೆ ತೋಚಿದ ಕಾರಣಗಳನ್ನೆಲ್ಲ ಹಚ್ಚಿ ನೋಡಿದೆ. ಮಂಜು ಹಿಡಿದ ಗಾಜು, ನಮ್ಮದೇ ದೀಪದ ಪ್ರತಿಬಿಂಬ, ಗಾಬರಿಯಾದ ಮನಸ್ಸು. ಒಬ್ಬನಿಗಾದರೆ ಒಪ್ಪಬಹುದು. ಇಲ್ಲಿ ಹಳ್ಳದ ಎರಡು ಕಡೆಯವರೂ ಕಂಡಿದ್ದೇವೆ. ಪಾದ್ರಿಗಳು ಒಂದು ಭಾನುವಾರ ಸಭೆಯಲ್ಲಿ ಇದನ್ನೇ ಎತ್ತಿ, ದೇವದೂತರು ಕುಟುಂಬವನ್ನು ಕಾಯ್ದರು ಎಂದು ಸ್ತೋತ್ರ ಹೇಳಿಸಿದರು. ಎಲ್ಲರೂ ಆಮೆನ್ ಅಂದರು. ನನ್ನ ಬಾಯಿ ಏಳಲಿಲ್ಲ. ಕಾಯುವ ದೂತನಾದರೆ ಅಪ್ಪನನ್ನು ಮಗುವಿನ ಹತ್ತಿರ ಕರೆದು ತರಬೇಕಿತ್ತಲ್ಲ? ಅದು ಏನೇ ಇರಲಿ, ನಾನು ವಾಪಸು ಹೋಗದ ಹಾಗೆ ನನಗೆ ಸಮಾಧಾನ ಹೇಳಿತು. ಅವರು ನೀರಿನಿಂದ ಏಳದ ಹಾಗೆ ಅವರಿಗೂ ಸಮಾಧಾನ ಹೇಳಿತು. ಒಳ್ಳೆಯದು ಹಾಗೆ ಮಾಡುತ್ತದೆಯೇ? ಕೆಟ್ಟದ್ದೇ ಆಗಿದ್ದರೆ ಎಲ್ಲರೂ ಬದುಕಿ ಬಂದದ್ದು ಹೇಗೆ? ಪಾದ್ರಿಗಳನ್ನು ಒಮ್ಮೆ ಕೇಳಿದೆ. ಪ್ರಾರ್ಥನೆ ಮಾಡು ಎಂದರು. ಮಾಡುತ್ತೇನೆ. ಕ್ಲಬ್ಬಿನ ಪದ್ಧತಿ ಬದಲಾಗಿದೆ, ಈಗ ಪ್ರತಿ ಗಾಡಿಯೂ ತನ್ನ ಬಾಯಿಂದಲೇ ಹೇಳಬೇಕು. ಅವ್ವ ತೀರಿಕೊಂಡಳು, ಮಾವ ಜೀಪು ಮಾರಿದ.

ಆಶಾ ಈಗ ಕಾಲೇಜಿನ ಕೊನೆಯ ವರ್ಷ. ಈಚೆಗೆ ಅವಳಿಗೆ ಗಾಡಿ ಕಲಿಸಲು ಶುರು ಮಾಡಿದ್ದೇನೆ. ಮೊನ್ನೆ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎರಡು ಸುತ್ತು ಹಾಕಿ, ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಕುಳಿತಳು.

"ಪಪ್ಪಾ, ಸಿಟ್ಟಿಲ್ಲ, ಸುಮ್ನ ಕೇಳಾಕತ್ತೀನಿ. ಅವತ್ತ ನೀ ಯಾಕ ಇಳದು ಬರಲಿಲ್ಲ?"

"ನಾ ಅಲ್ಲಿ ಇರಲಿಲ್ಲವ್ವ. ಮುಂದ ಹೋಗಿಬಿಟ್ಟಿದ್ದೆ. ನಿನಗೂ ಗೊತ್ತೈತೆಲ್ಲ."

"ಗೊತ್ತೈತಿ. ಎಲ್ಲಾರೂ ಹಂಗs ಹೇಳ್ತಾರ" ಎಂದಳು. ನನ್ನ ಕಡೆ ತಿರುಗಿ, "ಆದ್ರ ನೀ ನನ್ನ ನೋಡಾಕತ್ತಿದ್ದಿ ಪಪ್ಪಾ. ನಾ ಅಳೋದು ನಿನಗ ಕಾಣ್ತಿತ್ತು, ಹೌದಿಲ್ಲೊ?" ಎಂದಳು.

ಇಲ್ಲ ಎಂದು ಹೇಳಬೇಕಿತ್ತು. ಯಾವ ಅಪ್ಪನಾದರೂ ಹೇಳುತ್ತಿದ್ದ. ಆದರೆ ಆ ಗಾಜಿನ ಹಿಂದೆ ಆಡುತ್ತಿದ್ದ ಕೈಯನ್ನು ನಾನು ಕಂಡಿದ್ದೆ, ಕಂಡು ಹಗುರಾಗಿದ್ದೆ.