ಅತ್ತೆ ಜೋಡಿಸಿದ ಆರು ಚಿತ್ರಗಳು

ನಮ್ಮತ್ತೆಗೆ ಓದು ಬರಹ ಬಾರದು. ಅದೊಂದನ್ನೇ ಹಿಡಿದುಕೊಂಡು ಓದಿದವರು ತಮ್ಮ ತಪ್ಪನ್ನು ಅವಳ ತಲೆಗೆ ಕಟ್ಟಿದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳು ಅಪ್ಪನ ಅಕ್ಕ. ಬಟ್ಟೆ ವ್ಯಾಪಾರಿಗಳ ಹಳೇ ಮೂರಂತಸ್ತಿನ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ ಕಿಟಕಿ ಒರೆಸಿದವಳು. ಅಂಗಡಿಯವರ ಬಾಯಲ್ಲಿ ‘ಒರೆಸೋ ಅಕ್ಕ’. ಆ ಕಟ್ಟಡದ ಮುಖಕ್ಕೆ, ಎರಡನೇ ಅಂತಸ್ತಿನ ಕಿಟಕಿಗಳ ಕೆಳಗೆ, ಪಿಂಗಾಣಿ ಬಿಲ್ಲೆಗಳಲ್ಲಿ ಮಾಡಿದ ಏಳು ಚಿತ್ರಗಳ ಸಾಲಿತ್ತು. ಹತ್ತಿ ಬಿಡಿಸುವವರಿಂದ ಶುರುವಾಗಿ ನೂಲುವವಳು, ಮಗ್ಗದವನು, ಬಣ್ಣದ ಹಂಡೆ ಎಲ್ಲ ದಾಟಿ, ತಲೆಯ ಮೇಲೆ ಬಟ್ಟೆಗಂಟು ಹೊತ್ತ ಹೆಂಗಸಿಗೆ ಅದು ಮುಗಿಯುತ್ತಿತ್ತು. ಅದನ್ನು ಒರೆಸು ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು, ಅರ್ಧ ಮೈ ಕಿಟಕಿಯಾಚೆ ಚಾಚಿ, ತಾನಾಗಿಯೇ ಒರೆಸುತ್ತಿದ್ದಳು. ಅಂಗಡಿಯವರೋ, ಚಿತ್ರದ ಮೇಲೇ ಬೋರ್ಡು ಹೊಡೆಯುತ್ತಿದ್ದರು. ಮಗ್ಗದವನ ಕಣ್ಣಿಗೆ ಮೊಳೆ ಬಿದ್ದ ದಿನ ಅತ್ತೆ ಊಟ ಬಿಟ್ಟು, ಹೊಡೆದವನ ಕೈ ಸೇದಿಹೋಗಲಿ ಎಂದು ಶಪಿಸಿದ್ದಳು.

ಕೊನೆಗೆ ದುರಸ್ತಿಗೆಂದು ಒಬ್ಬ ಇಂಜಿನಿಯರ್ ಬಂದ. ಬಿಲ್ಲೆಗಳನ್ನೆಲ್ಲ ಕೀಳಿಸಿ ಉಗ್ರಾಣದಲ್ಲಿ ಪೇರಿಸಿದ. ಯಾವುದು ಎಲ್ಲಿಯದೆಂದು ತಿಳಿಯಲು ನಂಬರು ಹಾಕಿಸಿದನಲ್ಲ, ಹಿಂದೆ ಗಾರೆ ಮೆತ್ತಿದೆ ಎಂದು ಹೊಳೆಯುವ ಮುಖದ ಮೇಲೇ ಹಾಕಿಸಿದ. ಅದೂ ಸೀಮೆಸುಣ್ಣದಲ್ಲಿ. ಆಮೇಲೆ ಎಲ್ಲವನ್ನೂ ತೊಳೆದಿಡು ಎಂದು ಅತ್ತೆಗೆ ಹೇಳಿದ. ತೊಳೆದರೆ ನಂಬರು ಹೋಗುತ್ತದಲ್ಲ ಎಂದು ಅವಳು ಎರಡು ಸಲ ಕೇಳಿದಳು. ಹೇಳಿದಷ್ಟು ಮಾಡಮ್ಮ ಎಂದ ಆ ಮಹಾಬುದ್ಧಿವಂತ. ಅವಳು ತೊಳೆದಳು. ಮುನ್ನೂರ ಮೂವತ್ತಾರು ಬಿಲ್ಲೆಗಳು ಕಲಸಿಹೋದವು. ಅವನ ಹತ್ತಿರ ಇದ್ದ ಫೋಟೋಗಳಲ್ಲಿ ಅಂಗಡಿ ಬೋರ್ಡುಗಳೇ ಕಾಣುತ್ತಿದ್ದವು.

ತಾನು ಜೋಡಿಸುತ್ತೇನೆ, ನೆಲ ಗುಡಿಸಿ ಕೊಡಿ ಸಾಕು, ಎಂದಳು ಅತ್ತೆ. ಹನ್ನೊಂದು ದಿನ ನೆಲದ ಮೇಲೆ ಕೂತಳು, ಜೊತೆಗೆ ನಾನೂ ಕೂತೆ. ಬಿಲ್ಲೆ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರುವಳು. ಇದು ನೂಲುವವಳ ಮೊಣಕೈ, ಹೊಳಪಿನಲ್ಲಿ ಗುಳ್ಳೆ ಎದ್ದಿದೆ ನೋಡು. ಇದು ಹಂಡೆಯ ಬಾಯಿ, ಅಂಚು ಮುಕ್ಕಾಗಿದೆ. ಹೀಗೆ ಒಂದೊಂದೇ ಇಟ್ಟು ಆರು ಚಿತ್ರ ಮುಗಿಸಿದಳು. ಇಂಜಿನಿಯರ್ ಟೀ ಕುಡಿಯುತ್ತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಏಳನೆಯದು ಗಂಟು ಹೊತ್ತವಳು. ಎಲ್ಲಕ್ಕಿಂತ ಇಷ್ಟವಾದದ್ದೆಂದು ಅತ್ತೆ ಅದನ್ನು ಕೊನೆಗೆ ಉಳಿಸಿಕೊಂಡಿದ್ದಳು.

ಅದಕ್ಕೆ ಕೈಹಾಕಬೇಕಿದ್ದ ಬೆಳಿಗ್ಗೆ ಇಂಜಿನಿಯರ್ ಒಂದು ಕಾಗದ ತಂದ. ಮೇಲಿನವರು ವಿವರಣೆ ಕೇಳಿದ್ದಾರೆ, ಒಂದು ಹೆಬ್ಬೆಟ್ಟು ಒತ್ತಿದರೆ ನಿನ್ನ ಕೆಲಸ ಉಳಿಯುತ್ತದೆ ಎಂದ. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ: ಗುರುತುಗಳು ಅಳಿಸಿದ್ದು ಕೆಲಸದವಳಾದ ನನ್ನ ಅಜಾಗರೂಕತೆಯಿಂದ, ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು.

“ಜೋಡಿಸಿದ್ದು ಯಾರು ಅಂತ ಬರ್ದಿದಾರಾ?” ಅತ್ತೆ ಕೇಳಿದಳು.

“ಇಲ್ಲ ಅತ್ತೆ.”

ಅದೆಲ್ಲ ಇದರಲ್ಲಿ ಬರುವುದಿಲ್ಲ ಎಂದ ಇಂಜಿನಿಯರ್.

ಅತ್ತೆ ಮಂಡಿ ಹಿಡಿದುಕೊಂಡು ಎದ್ದಳು. ಸೆರಗಿನ ಧೂಳು ಕೊಡವಿದಳು. “ಹಾಗಾದ್ರೆ ಉಳಿದಿದ್ದನ್ನ ಈ ಕಾಗದಾನೇ ಜೋಡಿಸ್ಲಿ ಬಿಡಿ,” ಎಂದು ಹೊರಟೇಬಿಟ್ಟಳು.

ಅದೊಂದನ್ನಾದರೂ ಮುಗಿಸಿ ಬರೋಣ ಎಂದು ನಾನು ದಾರಿಯಲ್ಲಿ ಗೋಗರೆದೆ. ಅತ್ತೆ ಮನೆ ಮುಟ್ಟುವವರೆಗೂ ಸಿಟ್ಟಿಗೆ ಅತ್ತಳು.

ಎರಡು ತಿಂಗಳ ಮೇಲೆ ಉದ್ಘಾಟನೆಯಾಯಿತು. ಅತ್ತೆ ಬರಲಿಲ್ಲ, ನಾನು ಹಟಕ್ಕೆ ಹೋದೆ. ಆರು ಚಿತ್ರಗಳು ಇದ್ದ ಹಾಗೇ ಇದ್ದವು. ಏಳನೆಯದರಲ್ಲಿ ಬಟ್ಟೆಗಂಟು ಕಾಲಡಿಗೆ ಬಿದ್ದಿತ್ತು, ಹೆಂಗಸಿನ ಮುಖ ಸೊಂಟದಲ್ಲಿತ್ತು, ಒಂದು ಪಾದ ಆಕಾಶದಲ್ಲಿ. ಇದೇನು ಹೀಗೆ ಎಂದು ಅತಿಥಿಗಳಲ್ಲೊಬ್ಬರು ಕೇಳಿದರು. ಹಳೆಯ ಕುಶಲಕರ್ಮಿಗಳ ಕಲ್ಪನೆಯೇ ಬೇರೆ ರೀತಿಯದು ಎಂದು ಇಂಜಿನಿಯರ್ ಮೈಕಿನಲ್ಲಿ ವಿವರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.