ಮೂರನೆಯ ಕೂಗು

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ತಿಪ್ಪೇಸ್ವಾಮೀ" ಎಂದು ಕೂಗಿದರೆ ಕಡಿಮೆಯೆಂದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮಳೆಗೆ ಬರವಿದ್ದೀತು, ಆ ಹೆಸರಿಗಿಲ್ಲ. ನಾಲ್ವರಲ್ಲಿ ಎಲ್ಲರಿಗಿಂತ ಮೊದಲು "ಓ" ಎನ್ನುವವನು ನಾನು. ಕೂಗಿದವರು ನನ್ನ ಮುಖ ನೋಡಿ, "ನಿಮ್ಮನ್ನಲ್ಲ ಬಿಡ್ರಿ" ಎಂದು ನನ್ನ ಹಿಂದೆ ನಿಂತವನ ಹೆಗಲ ಮೇಲೆ ಕೈ ಹಾಕುತ್ತಾರೆ. ನಾನು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ಏನೂ ಆಗದವನಂತೆ ಬಸ್ಸಿನ ಬೋರ್ಡು ಓದುತ್ತೇನೆ. ಮೊದಲು ನಾನು ಹೀಗಿರಲಿಲ್ಲ. ಮೂರು ಸಲ ಕರೆಯದೆ ಓಗೊಟ್ಟವನೇ ಅಲ್ಲ.

ಅದು ಸೊಕ್ಕಲ್ಲ, ಭಯ. ತಾಳ್ಯದಲ್ಲಿ ನನ್ನನ್ನು ಸಾಕಿದ ಅಜ್ಜಿ ಮುದ್ದೆಯ ಜೊತೆಗೆ ಭಯವನ್ನೂ ತುತ್ತು ಮಾಡಿ ಉಣ್ಣಿಸಿದ್ದಳು. ಹುಣಸೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂದಳು. ಒಂದಿಡೀ ಬೇಸಿಗೆ ಕಿವಿಯಲ್ಲಿ ಚಿಗುರು ಬಂತೇ ಎಂದು ಮುಟ್ಟಿ ನೋಡಿಕೊಂಡಿದ್ದೇನೆ. ಮಲಗಿದವರನ್ನು ದಾಟಿದರೆ ಅವರು ಬೆಳೆಯುವುದಿಲ್ಲ ಎಂದಳು. ನನ್ನ ಎತ್ತರ ನೋಡಿದರೆ ಒಂದು ಮೆರವಣಿಗೆಯೇ ದಾಟಿ ಹೋದಂತಿದೆ. ಇವಕ್ಕೆಲ್ಲ ಕಿರೀಟ ಇಟ್ಟ ಹಾಗೆ ಇನ್ನೊಂದಿತ್ತು. "ಮಟಮಟ ಮಧ್ಯಾಹ್ನ ಯಾರಾದ್ರೂ ಹೆಸರಿಡ್ದು ಕೂಗಿದ್ರೆ ಓ ಅನ್ಬ್ಯಾಡ ಕಣಪ್ಪ. ದೆವ್ವಕ್ಕೆ ಮೂರು ಸಲ ಕೂಗಕ್ಕೆ ಬರಲ್ಲ. ಮೂರು ಆದ್ಮೇಲೆ ಬಾಯಿ ಬಿಡು. ಗೊತ್ತಿರೋರ ದನೀಲೇ ಕೂಗ್ತೈತೆ, ಹುಷಾರು!"

ನೀವು ನಗುತ್ತೀರಿ. ನಗುವ ಮೊದಲು ನಿಮ್ಮ ಜೇಬನ್ನೂ ಒಮ್ಮೆ ತಡವಿ ನೋಡಿಕೊಳ್ಳಿ, ಅಲ್ಲೂ ಒಂದು ಭಯ ಸಿಕ್ಕೀತು. ನಮ್ಮ ಓವರ್‌ಸೀಯರು ನಾನು ಮೊದಲು ಕೆಲಸಕ್ಕಿದ್ದ ಅಣೆಕಟ್ಟೆಯ ಮೇಲೆ ಬಿರುಗಾಳಿಯಲ್ಲೂ ಕೈಬೀಸಿಕೊಂಡು ನಡೆಯುತ್ತಿದ್ದರು. ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದರು. ಗುಮಾಸ್ತರೊಬ್ಬರು ಒಂಟಿ ಸೀನು ಕೇಳಿದರೆ ಎದ್ದವರು ಮತ್ತೆ ಕೂರುತ್ತಿದ್ದರು. ಜವಾನನಿಗೆ ನೆಗಡಿಯಾದ ದಿನ ಅವರಿಗೆ ಹಿರಿಯೂರಿನ ಬಸ್ಸು ಸಿಕ್ಕಿದ್ದೇ ಇಲ್ಲ. ಅಲಂಕಾರಶಾಸ್ತ್ರದ ಪಂಡಿತರು ಭಯವನ್ನು ಸ್ಥಾಯೀಭಾವಗಳ ಸಾಲಿನಲ್ಲಿ ಕೂರಿಸಿದ್ದಾರೆ. ಸ್ಥಾಯೀ ಎಂದರೆ ಕಾಯಂ. ಆಗಿನ್ನೂ ನನ್ನ ನೌಕರಿ ಕಾಯಂ ಆಗಿರಲಿಲ್ಲ, ಭಯ ಆಗಿತ್ತು.

ಆ ನೌಕರಿ ಮಾರಿಕಣಿವೆಯ ಅಣೆಕಟ್ಟೆಯಲ್ಲಿ. ಬೆಳಿಗ್ಗೆ ಹೋಗಿ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆದರೆ ದೊಡ್ಡ ಕೆಲಸ ಮುಗಿಯಿತು. ಆಮೇಲೆ ಉಳಿಯುತ್ತಿದ್ದುದು ಬರೀ ಹೊತ್ತು. ಕ್ವಾರ್ಟರ್ಸಿನಲ್ಲಿ ನನ್ನ ಎಡಕ್ಕೂ ಬೀಗ, ಬಲಕ್ಕೂ ಬೀಗ. ಸೀಮೆಎಣ್ಣೆ ಸ್ಟೌವಿಗೆ ಬೈಯುವಾಗ ಮಾತ್ರ ನನ್ನ ದನಿ ನನಗೆ ಕೇಳುತ್ತಿತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಯಾರೂ ಇರಲಿಲ್ಲ, ಯಾರಾದರೂ ಬೇಕಿತ್ತು.

ಇದ್ದವನೆಂದರೆ ಕುರಿ ಕಾಯುವ ಕರಿಯಣ್ಣ. ಬಿಸಿಲೇರಿದ ಮೇಲೆ ಕುರಿಗಳನ್ನು ಮರದ ನೆರಳಿಗೆ ಬಿಟ್ಟು, ಕ್ವಾರ್ಟರ್ಸಿನ ತಂತಿ ಬೇಲಿಯನ್ನು ಕೋಲಿನಿಂದ ಟಣ್ ಟಣ್ ಎಂದು ಬಡಿಯುತ್ತಿದ್ದ. ನಾನು ನೀರಿನ ಚೊಂಬು ಹಿಡಿದು ಓಡುತ್ತಿದ್ದೆ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. "ನಾನು ಬಂದ್ರೆ ಹಿಂದೇನೇ ಕುರಿ ಬರ್ತವೆ ಸ್ವಾಮಿ, ಸಾಹೇಬ್ರ ಹೂವಿನ ಗಿಡ ಉಳಿಯಲ್ಲ" ಎನ್ನುತ್ತಿದ್ದ. ಬೇಲಿಯ ಆಚೆ ಅವನು, ಈಚೆ ನಾನು, ಐದು ನಿಮಿಷದ ಮಾತು. ಆ ಐದು ನಿಮಿಷಕ್ಕಾಗಿ ನಾನು ಬೆಳಿಗ್ಗೆಯಿಂದಲೇ ಮಾತು ಕೂಡಿಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವನೆಂದ: "ಇನ್ನೇನು ಮಂದೆ ಹೊಡ್ಕಂಡು ಭದ್ರಾ ನಾಲೆ ಕಡೀಕೆ ಹೊಲ್ಡ್ತೀವಿ ಸ್ವಾಮಿ. ವಾಪಸ್ ಬರೋದು ಮಳೆ ಬಿದ್ಮೇಲೆ. ಹೊಲ್ಡೋ ದಿನ ನಮ್ಮ ಹಟ್ಟೀಲಿ ಊಟಕ್ಕೆ ಬರ್ಬೇಕು. ನಾನೇ ಬಂದು ಕರೀತೀನಿ."

ಊಟಕ್ಕೆ ಕರೆಯುವವರು ಸಿಕ್ಕಿ ಎಷ್ಟು ಕಾಲವಾಗಿತ್ತು! ಬಿಳಿ ಅಂಗಿ ಒಗೆದು ಮಡಿಸಿಟ್ಟೆ.

ಅದಾಗಿ ನಾಲ್ಕನೆಯ ದಿನ, ಮಟಮಟ ಮಧ್ಯಾಹ್ನ. ಬಾಗಿಲು ಮುಂದೆ ಮಾಡಿಕೊಂಡು ತಣ್ಣನೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಿದ್ದೆ. ಹೊರಗೆ ಕೂಗು ಕೇಳಿತು. "ತಿಪ್ಪೇಸ್ವಾಮಣ್ಣೋ!"

ಕೈ ಅಲ್ಲೇ ನಿಂತಿತು. ದನಿ ಕರಿಯಣ್ಣನದೇ. ಆದರೆ ಕರಿಯಣ್ಣ ಎಂದೂ ನನ್ನ ಹೆಸರು ಹಿಡಿದು ಕರೆದವನಲ್ಲ, ತಂತಿ ಬಡಿಯುವವನು. ಗೊತ್ತಿರೋರ ದನೀಲೇ ಕೂಗ್ತೈತೆ ಎಂದು ಅಜ್ಜಿ ಎಚ್ಚರಿಸಿದ್ದು ಇದನ್ನೇ ತಾನೆ? ಎರಡನೆಯ ಸಲ ಕೂಗಿತು. "ತಿಪ್ಪೇಸ್ವಾಮಣ್ಣೋ!" ನಾನು ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾದೆ. ಓ ಎನ್ನಲು ನಾಲಗೆ ತುದಿಗಾಲಲ್ಲಿ ನಿಂತಿತ್ತು. ಮೂರನೆಯ ಕೂಗು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ನೋಡಿದೆ. ಬೇಲಿಯ ಆಚೆ ಬಿಸಿಲು ಬಿಟ್ಟರೆ ಏನೂ ಇಲ್ಲ. ಅಜ್ಜಿಯನ್ನು ಮನಸಾರೆ ನೆನೆದು, ಕೈತೊಳೆದು ಬಂದು ಮತ್ತೆ ಉಂಡೆ.

ಮರುದಿನ ತಂತಿ ಸದ್ದಾಗಲಿಲ್ಲ. ಅದರ ಮರುದಿನವೂ ಇಲ್ಲ. ಆಗ ಬಿಳಿ ಅಂಗಿ ಹಾಕಿಕೊಂಡು ಹಟ್ಟಿಗೆ ನಡೆದೆ. ಕರಿಯಣ್ಣನ ಹೆಂಡತಿ ಈರಮ್ಮ ಬಾಗಿಲಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಗಂಡಸರು ಮಂದೆಯ ಜೊತೆ ಹೋಗಿ ಎರಡು ದಿನವಾಗಿತ್ತು.

"ನಮ್ಮನೆಯವ್ರು ನಿಮ್ಮನ್ನ ಕರೆಯಕ್ಕೆ ಬಂದಿದ್ರಲ್ಲ ಸ್ವಾಮಿ. ಊಟಕ್ಕೆ ಕರೆಯೋವಾಗ ತಂತಿ ಬಡೀಬಾರ್ದು ಅಂತ ಹೆಸರಿಡ್ದೇ ಕೂಗಿದ್ರಂತೆ. ಮಲಗಿರ್ಬೇಕು ಅಂತ ವಾಪಸ್ ಬಂದ್ರು. ನಿಮ್ಗೆ ಅಂತ ಉಣ್ಣೋ ಗಂಗಾಳ ತೊಳ್ದು ಇಟ್ಟಿದ್ದೆ."

"ಇನ್ನೊಂದು ಸಲ ಕೂಗ್ಬೇಕಿತ್ತು ಕಣಮ್ಮ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು.

"ಅಯ್ಯೋ, ಹೊಲ್ಟು ನಿಂತ ದಿನ ಏನನ್ನೂ ಮೂರು ಸಲ ಮಾಡಬಾರ್ದಲ್ಲ! ಮಂದೆಗೆ ಕೇಡು. ನಮ್ಮನೆಯವ್ರಿಗೆ ಅದೊಂದು ಭಾಳ ಭಯ."

ಎರಡು ಭಯಗಳು ಒಂದು ತಂತಿ ಬೇಲಿಯ ಆಚೀಚೆ ನಿಂತು, ಒಂದು ಊಟವನ್ನು ಹಾಳು ಮಾಡಿದ್ದವು. ನಿಜವಾದ ದೆವ್ವ ಅಲ್ಲೆಲ್ಲಾದರೂ ಇದ್ದಿದ್ದರೆ ತನಗಿನ್ನು ಕೆಲಸವಿಲ್ಲವೆಂದು ಬೇರೆ ಊರಿಗೆ ಹೋಗಿರಬೇಕು. ಹೀಗೆ ಈಗ ತಮಾಷೆ ಮಾಡುತ್ತೇನೆ. ಅಂದು ಹಟ್ಟಿಯಿಂದ ಬರುವಾಗ ನನಗೆ ಅಳು ಬಂದಿತ್ತು.

ಮಳೆ ಬೀಳುವ ಮೊದಲೇ ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಹೊರಡುವ ದಿನ ಈರಮ್ಮನಿಗೆ ಹೇಳಿ ಬಂದೆ: "ಕರಿಯಣ್ಣ ಬಂದ್ರೆ ಹೇಳಮ್ಮ, ನಾನು ಮಲಗಿರ್ಲಿಲ್ಲ, ಎದ್ದೇ ಇದ್ದೆ ಅಂತ." ಅವಳು ಹೇಳಿದಳೋ, ಅವನಿಗೆ ಏನನ್ನಿಸಿತೋ ತಿಳಿಯದು. ಅಂದಿನಿಂದ ನಾನು ಮೊದಲನೆಯ ಕೂಗಿಗೇ ಓಗೊಡುತ್ತೇನೆ. ಬಸ್ ಸ್ಟ್ಯಾಂಡಿನ ಅವಮಾನದ ಮೂಲ ಇದು.

ಹೋದ ಭಾನುವಾರ ಮಧ್ಯಾಹ್ನ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದೆ. ಬೀದಿಯಲ್ಲಿ ಯಾರೋ ನನ್ನ ಹೆಸರು ಕೂಗಿದಂತಾಯಿತು. ಒಂದೇ ಸಲ. "ಓ, ಬಂದೆ!" ಎಂದು ಎಂಜಲು ಕೈಯಲ್ಲೇ ಎದ್ದು, ಎಡಗೈಯಲ್ಲಿ ಚೊಂಬು ಹಿಡಿದು ಓಡಿದೆ. ಬೀದಿ ಉದ್ದಕ್ಕೂ ಖಾಲಿ. ಅಜ್ಜಿಯ ಲೆಕ್ಕದಲ್ಲಿ ಕೂಗಿದ್ದು ಯಾರೆಂದು ನಿಮಗೀಗ ಗೊತ್ತು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಬಾಗಿಲು ಹಾಕಲು ಮನಸ್ಸಾಗಲಿಲ್ಲ.

"ಯಾರಾದ್ರೂ ಆಗ್ಲಿ, ಬಿಸಿಲಲ್ಲಿ ನಿಂತ್ಕಬ್ಯಾಡ್ರಿ. ನೀರು ಕುಡ್ದು ಹೋಗ್ರಿ" ಎಂದು ಬೀದಿಗೆ ಹೇಳಿ, ಚೊಂಬನ್ನು ಹೊಸ್ತಿಲಾಚೆ ಇಟ್ಟು ಬಂದೆ.